ಗೋಯಿಂದನ ಎಂಜಿನ್ನೂ ದೊಡ್ಡಪ್ಪನ ಕೋಳಿಗೂಡೂ

ನಗುವುದಿದ್ದರೆ ಕೊನೆಗೆ ನಗಿ. ಮೊದಲೇ ಹಲ್ಲು ಕಿರಿದರೆ ನಾನು ಎದ್ದು ಹೋಗುತ್ತೇನೆ, ನೋಡಿ!

ಕಡಲ ಕರೆಯ ಒಂದೂರಲ್ಲಿ ದುಗ್ಗಮ್ಮ ಅಂತ ಒಬ್ಬಳಿದ್ದಳು. ಗಂಡ ಇಲ್ಲ. ಗಂಡ ಬಿಟ್ಟುಹೋದದ್ದು ಎರಡೇ. ಒಂದು ದೋಣಿ, ಇನ್ನೊಂದು ಮಗ ಗೋಯಿಂದ. ದೋಣಿಗೆ ಎಂಜಿನ್ ಇರಲಿಲ್ಲ, ಗೋಯಿಂದನಿಗೆ ಬುದ್ಧಿ ಇರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಕಷ್ಟ ಇದ್ದದ್ದೇ ಅಲ್ಲಿ!

ಪಕ್ಕದ ಮನೆಯಲ್ಲಿ ಗಂಡನ ಅಣ್ಣ ಹೆರಿಯಣ್ಣ. ಅವನ ಕೋಳಿಗೂಡಿನ ಮಾಡು ಸೋರುತ್ತಿತ್ತು. ಅವನಿಗೆ ಆ ದೋಣಿಯ ಮೇಲೆ ಕಣ್ಣು.

"ದುಗ್ಗಮ್ಮಾ, ನೂಲಹುಣ್ಣಿಮೆ ದಿನ ಎಲ್ಲರ ದೋಣಿ ಕಡಲಿಗೆ ಇಳೀತದೆ. ಅವತ್ತು ನಿನ್ನ ದೋಣಿ ಇಳಿಯದಿದ್ರೆ, ಮಾರನೇ ದಿನ ಅದನ್ನ ಮಗುಚಿ ನನ್ನ ಕೋಳಿಗೂಡಿಗೆ ಮಾಡು ಮಾಡ್ತೆ!"

ದುಗ್ಗಮ್ಮ ಬಿಡುವವಳಾ? ಗಂಡ ಕೂತು ಬಲೆ ಬಿಟ್ಟ ದೋಣಿಯ ಮೇಲೆ ಕೋಳಿ ಹಿಕ್ಕೆ ಹಾಕುವುದಾ? ಕೈಕಾಲು ಹಿಡಿದು, ಹೊಳೆಯಾಚೆಯ ಮೆಕ್ಯಾನಿಕ್ ಪೌಲಣ್ಣನ ಹತ್ತಿರ ಒಂದು ಹಳೇ ಎಂಜಿನ್ ಗೊತ್ತು ಮಾಡಿದಳು. ದೋಣಿಯ ಹಿಂದೆ ಸಿಕ್ಕಿಸಿ ಓಡಿಸುವ ಎಂಜಿನ್ನು.

"ಮಗಾ, ಹೋಗಿ ತಕಂಡ್ ಬಾ."

ಹೋದ, ತಂದ. ದೋಣಿಗೆ ಸಿಕ್ಕಿಸಿ, ಅಳಿವೆಯ ಉಪ್ಪುನೀರಲ್ಲಿ ಮುಳುಗಿಸಿಕೊಂಡೇ ಓಡಿಸಿ ತಂದು, ಅಂಗಳದಲ್ಲಿ ಒರಗಿಸಿ ಮಲಗಿಬಿಟ್ಟ. ಬೆಳಿಗ್ಗೆ ನೋಡಿದರೆ ಎಂಜಿನ್ ಮೈಯೆಲ್ಲ ಉಪ್ಪು, ಬಿಳಿ ಬಿಳಿ!

"ಅಯ್ಯೋ ಪೆದ್ದೇ! ಹಾಂಗಲ್ಲ! ಕಡಲಿಂದ ಬಂದದ್ದನ್ನ ಮೊದ್ಲು ಸಿಹಿನೀರಿನ ಡ್ರಮ್ಮಲ್ಲಿ ಮುಳುಗಿಸ್ಬೇಕು. ಉಪ್ಪು ಬಿಡಿಸ್ಬೇಕು!"

"ಮುಂಚೆಯೇ ಹೇಳ್ಬಾರ್ದಾ ಅಬ್ಬಿ? ಇನ್ನು ಹಾಂಗೇ ಮಾಡ್ತೆ."

ಮಾಡಿದ. ಎಂಜಿನ್ನನ್ನು ತಲೆಕೆಳಗಾಗಿ ಡ್ರಮ್ಮಲ್ಲಿ ಅದ್ದಿ ತೆಗೆದ. ಅಷ್ಟಕ್ಕೇ ಬಿಟ್ಟನಾ? ಅಮ್ಮ ಮಳೆಗಾಲಕ್ಕೆ ಅಂತ ಉಪ್ಪು ಹಾಕಿ ಕಟ್ಟಿಟ್ಟ ಒಣಮೀನಿನ ಕುಕ್ಕೆ ಕಣ್ಣಿಗೆ ಬಿತ್ತು. ಇದೂ ಕಡಲಿಂದಲೇ ಬಂದದ್ದು! ಇದರ ಮೈಯಲ್ಲೂ ಉಪ್ಪು! ಕುಕ್ಕೆಗೆ ಕುಕ್ಕೆಯೇ ಡ್ರಮ್ಮಿಗೆ.

ದುಗ್ಗಮ್ಮ ಬಂದು ನೋಡುತ್ತಾಳೆ, ಒಣಮೀನು ಮೆತ್ತಗಾಗಿ ತೇಲುತ್ತಿದೆ.

"ಅಯ್ಯೋ ಪೆದ್ದೇ! ಹಾಂಗಲ್ಲ! ಒದ್ದೆ ಆದದ್ದನ್ನ ಬಿಡಿಸಿ ಬಿಡಿಸಿ ಚಾಪೆ ಮೇಲೆ ಒಣಗಿಸ್ಬೇಕು. ಮೇಲೆ ಬಲೆ ಮುಚ್ಬೇಕು. ಕಾಗೆ ಕಾಯ್ಬೇಕು!"

"ಮುಂಚೆಯೇ ಹೇಳ್ಬಾರ್ದಾ ಅಬ್ಬಿ? ಇನ್ನು ಹಾಂಗೇ ಮಾಡ್ತೆ."

ಒದ್ದೆಯಾದದ್ದು ಮೀನು ಮಾತ್ರವಾ? ಎಂಜಿನ್ನೂ ಒದ್ದೆಯೇ. ಗೋಯಿಂದ ಪಾನಾ ಹಿಡಿದು ಕೂತ. ಪ್ಲಗ್ ಬಿಚ್ಚಿದ, ಕಾರ್ಬರೇಟರ್ ಬಿಚ್ಚಿದ, ನೀರು ತಳ್ಳುವ ಫ್ಯಾನ್ ಬಿಚ್ಚಿದ. ಬಿಚ್ಚಲಿಕ್ಕೆ ಬರುವ ಒಂದೇ ಒಂದು ನಟ್ಟನ್ನೂ ಬಿಡಲಿಲ್ಲ. ಒಂದು ಸಾಲು ಮೀನು, ಒಂದು ಸಾಲು ಎಂಜಿನ್. ಮೇಲೆ ಬಲೆ. ಕೈಯಲ್ಲಿ ಕೋಲು. "ಹುಶ್! ಹುಶ್!"

ಎಂಜಿನ್ ಹೇಗಿದೆ ಅಂತ ನೋಡಲು ಬಂದ ಪೌಲಣ್ಣ ತಲೆ ಮೇಲೆ ಕೈ ಹೊತ್ತು ಚಾಪೆಯ ಪಕ್ಕದಲ್ಲೇ ಕುಸಿದ.

"ಇದೆಂತ ಮಾರಾಯಾ!"

"ಮುಟ್ಬೇಡಿ ಪೌಲಣ್ಣ, ಇನ್ನೂ ಒಣಗ್ಲಿಲ್ಲ."

ಪಾಪ, ಪೌಲಣ್ಣ ಒಳ್ಳೆಯವನು. ಬೈದುಕೊಂಡೇ ಎಲ್ಲವನ್ನೂ ಒರೆಸಿ, ಗ್ರೀಸ್ ಹಚ್ಚಿ, ಸಾಯಂಕಾಲದ ಹೊತ್ತಿಗೆ ಪೂರಾ ಜೋಡಿಸಿದ. ಒಂದು ವಾಷರ್ ಮಾತ್ರ ಸಿಗಲಿಲ್ಲ. ಕಾಗೆ ಕೊಂಡುಹೋಗಿತ್ತು.

"ಕೇಳು ಗೋಯಿಂದಾ, ಇನ್ನು ಬಿಚ್ಚಬೇಡ! ಅಲ್ಲಾಡೂದು ಕಂಡ್ರೆ ಗ್ರೀಸ್ ಹಚ್ಚು, ಹಗ್ಗ ಬಿಗಿದು ಗಟ್ಟಿ ಕಟ್ಟು. ಅಲ್ಲಾಡ್ಲೇಬಾರ್ದು."

"ಮುಂಚೆಯೇ ಹೇಳ್ಬಾರ್ದಾ ಪೌಲಣ್ಣ? ಇನ್ನು ಹಾಂಗೇ ಮಾಡ್ತೆ."

ಹುಣ್ಣಿಮೆಗೆ ಇನ್ನೊಂದೇ ದಿನ. ಹೆರಿಯಣ್ಣ ಕೋಳಿಗೂಡಿನ ಪಕ್ಕದಲ್ಲಿ ಬೆಂಚು ಹಾಕಿಕೊಂಡು, ದೋಣಿ ಎಷ್ಟು ಮೊಳ ಇದೆ ಅಂತ ಲೆಕ್ಕ ಹಾಕುತ್ತ ಕೂತಿದ್ದ. ಅವನಿಗೊಂದು ಅಭ್ಯಾಸ. ಕೂತರೆ ಸಾಕು, ಬಲಗಾಲು ಅಲ್ಲಾಡಿಸುತ್ತಲೇ ಇರಬೇಕು. ಹಾಗೆಯೇ ಕೂತಲ್ಲೇ ತೂಕಡಿಸಿದ. ಕಣ್ಣು ಮುಚ್ಚಿತು, ಕಾಲು ಮಾತ್ರ ನಿಲ್ಲಲಿಲ್ಲ.

ಗೋಯಿಂದ ಕಂಡ. ಅಯ್ಯಯ್ಯೋ, ಅಲ್ಲಾಡುತ್ತಿದೆ!

ಮಂಡಿಗೆ ಒಂದು ಹಿಡಿ ಗ್ರೀಸ್ ಮೆತ್ತಿದ. ಹಗ್ಗ ಸುತ್ತಿ ಕಾಲನ್ನು ಕೋಳಿಗೂಡಿನ ಕಂಬಕ್ಕೆ ಬಿಗಿದ. ಹೆರಿಯಣ್ಣ ಎಚ್ಚರಾಗಿ ಎಳೆದ, ಜಗ್ಗಿದ, ಬೊಬ್ಬೆ ಹೊಡೆದ. ಕಂಬ ಕದಲಲಿಲ್ಲ!

"ಅಯ್ಯೋ ಪೆದ್ದೇ! ಹಾಂಗಲ್ಲ!" ದುಗ್ಗಮ್ಮ ಓಡಿ ಬಂದು ಹಗ್ಗ ಬಿಚ್ಚಿದಳು. "ದೊಡ್ಡಪ್ಪನ್ನ ಕಟ್ಟೂದಲ್ಲ, ಎಂಜಿನ್ ಕಟ್ಟೂದು! ತಿರುಪು ಸಡಿಲಾದ್ರೂ ಕಡಲಿಗೆ ಬೀಳ್ಬಾರ್ದು. ಎಷ್ಟು ಎಳೆದ್ರೂ ಕದಲದ ಜಾಗಕ್ಕೆ ಕಟ್ಬೇಕು, ಗೊತ್ತಾಯ್ತಾ?"

"ಮುಂಚೆಯೇ ಹೇಳ್ಬಾರ್ದಾ ಅಬ್ಬಿ? ಇನ್ನು ಹಾಂಗೇ ಮಾಡ್ತೆ."

"ನಾಡಿದ್ದು ನಿನ್ನ ದೋಣಿ ನನ್ನ ಮಾಡು!" ಅಂತ ಹೆರಿಯಣ್ಣ ಮಂಡಿ ಒರೆಸಿಕೊಂಡು ಒಳಗೆ ಹೋದ.

ಹುಣ್ಣಿಮೆ ಬಂತು. ಊರವರೆಲ್ಲ ಕಡಲಿಗೆ ಹಾಲೆರೆದು ಕಾಯಿ ಬಿಟ್ಟರು. ಒಂದೊಂದೇ ದೋಣಿ ಇಳಿಯಿತು. ಗೋಯಿಂದ ತನ್ನ ದೋಣಿ ಹತ್ತಿ ಎಂಜಿನ್ನಿನ ಹಗ್ಗ ಎಳೆದ. ಬುಸ್! ಇನ್ನೊಮ್ಮೆ ಎಳೆದ. ಬುಸ್! ಹೆರಿಯಣ್ಣ ಮೀಸೆ ಅಡಿಯಲ್ಲೇ ನಕ್ಕ. ದುಗ್ಗಮ್ಮ ಕಣ್ಣು ಮುಚ್ಚಿ, ಕೈ ಮುಗಿದು ನಿಂತಳು.

ಮೂರನೇ ಸಲ ಎಳೆದ. ಡುರ್ರ್ರ್ರ್!

ಹೊರಟಿತು ದೋಣಿ! ದುಗ್ಗಮ್ಮ ಅತ್ತೇಬಿಟ್ಟಳು. "ನೋಡಿ ಭಾವಾ, ನನ್ನ ಗಂಡನ ದೋಣಿ! ನೋಡಿ ನನ್ನ ಮಗ!"

ಭಾವ ನೋಡಿದ. ದೋಣಿಯ ಹಿಂದೆ ಒಂದು ಹಗ್ಗ ಕಂಡ. ಹಗ್ಗ ಎಂಜಿನ್ನಿನಿಂದ ನೀರಿಗೆ, ನೀರಿನಿಂದ ಮರಳಿಗೆ, ಮರಳಿನಿಂದ ಅವನ ಅಂಗಳಕ್ಕೆ ಹೋಗಿತ್ತು. ಎಷ್ಟು ಎಳೆದರೂ ಕದಲದ ಜಾಗ ಗೋಯಿಂದನಿಗೆ ಗೊತ್ತಿದ್ದದ್ದು ಊರಲ್ಲಿ ಒಂದೇ!

ಹಗ್ಗ ಬಿಗಿಯಿತು. ಹೆರಿಯಣ್ಣನ ಕಾಲಿಗೆ ಕದಲದ ಕಂಬ ಎಂಜಿನ್ನಿಗೆ ಕದಲಿತು. ಹಲಗೆ ಗೂಡು, ಆರು ಹೇಂಟೆ, ಒಂದು ಹುಂಜ, ಎಲ್ಲ ಸೇರಿ ಸರ್ರನೆ ಮರಳಲ್ಲಿ ಜಾರಿ ನೀರಿಗಿಳಿದವು. ದೋಣಿ ಕೋಳಿಗೂಡಾಗಲಿಲ್ಲ, ಕೋಳಿಗೂಡೇ ದೋಣಿಯಾಯಿತು! ತುದಿಯಲ್ಲಿ ನಿಂತು ಹುಂಜ ಕೂಗಿತು.

"ನನ್ನ ಕೋಳೀ!" ಹೆರಿಯಣ್ಣ ಪಂಚೆ ಸಮೇತ ಕಡಲಿಗೆ ಹಾರಿದ.

ಗೋಯಿಂದ ಒಂದು ಸುತ್ತು ಹೊಡೆದು, ದೋಣಿ, ಎಂಜಿನ್, ಗೂಡು, ಗೂಡಿಗೆ ಜೋತುಬಿದ್ದ ದೊಡ್ಡಪ್ಪ, ಒಂದನ್ನೂ ಬಿಡದೆ ದಡ ಸೇರಿಸಿದ. ದುಗ್ಗಮ್ಮ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ನಗು ಬಂತು. ನಕ್ಕೂ ನಕ್ಕೂ ಮರಳ ಮೇಲೆ ಕೂತುಬಿಟ್ಟಳು.

ಗೋಯಿಂದ ಮಾತ್ರ ನಗಲಿಲ್ಲ. ಅವನಿಗೆ ಕೆಲಸ ಇತ್ತು. ಮನೆಗೆ ಓಡಿದ, ಸಿಹಿನೀರು ತುಂಬಿದ ಡ್ರಮ್ಮನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ. ಎಂಜಿನ್ ಅದ್ದಿದ. ಆರು ಹೇಂಟೆ ಅದ್ದಿದ. ಹುಂಜ ಅದ್ದಿದ. ಆಮೇಲೆ ತನ್ನ ಅಂಗಿಯ ತೋಳು ಮಡಚಿಕೊಂಡು, ಉಪ್ಪುನೀರು ಸೋರಿಸುತ್ತ ನಿಂತವನ ಸೊಂಟಕ್ಕೆ ಕೈ ಹಾಕಿದ.

"ಬನ್ನಿ ದೊಡ್ಡಪ್ಪಾ, ನೀವೂ ಕಡಲಿಂದ್ಲೇ ಬಂದದ್ದಲ್ದಾ?"