ಅಯೋವಾದ ಬೆಟ್ಟ ತಣ್ಣಗೆ ಉಸಿರಾಡುವುದು ಯಾಕೆ?

ಭೂಮಿ ಇನ್ನೂ ಹೊಸದು, ನದಿಗಳಿಗೆ ತಮ್ಮ ದಾರಿಯೇ ಸರಿಯಾಗಿ ಗೊತ್ತಿರದ ಕಾಲ. ಇವತ್ತು ಅಮೆರಿಕದ ಅಯೋವಾ ಅಂತ ಕರೆಯುವ ನಾಡಿನ ಮೇಲೆ ಮಂಜುಗಡ್ಡೆಯ ಮೈಯ ದೈತ್ಯ ಹಿಮರಾಯ ಮಲಗಿದ್ದ. ಅವನು ಹೊರಳಿದಲ್ಲೆಲ್ಲ ಗುಡ್ಡಗಳು ಪುಡಿಯಾಗಿ ನೆಲ ರೊಟ್ಟಿಯಂತೆ ಚಪ್ಪಟೆಯಾಯಿತು. ಈಶಾನ್ಯ ಮೂಲೆಯ ಸುಣ್ಣಕಲ್ಲಿನ ಬೆಟ್ಟವೊಂದು ಮಾತ್ರ ಹೇಗೋ ಉಳಿದುಕೊಂಡಿತು.

ಆ ಬೆಟ್ಟದ ಬುಡದಲ್ಲಿ ಸಣ್ಣಿ ಎಂಬ ಬಸವನಹುಳು ಇದ್ದಳು. ಇದ್ದದ್ದೇ ಹೆಸರುಕಾಳಿನಷ್ಟು. ಚಳಿ ಇದ್ದರೇ ಅವಳಿಗೆ ಜೀವ.

ಒಂದು ದಿನ ಸೂರ್ಯ ಕಣ್ಣರಳಿಸಿ ನೋಡಿದ. ಹಿಮರಾಯ ಬೆವರತೊಡಗಿದ.

“ನಾನು ಉತ್ತರಕ್ಕೆ ಹೊರಟೆ,” ಅಂದ.

ಸಣ್ಣಿ ಗಾಬರಿಯಾಗಿ ಕೂಗಿದಳು. “ನನ್ನ ಮೊಟ್ಟೆ ಇನ್ನೂ ಒಡೆದಿಲ್ಲ. ಸ್ವಲ್ಪ ತಡಿ!”

“ನಿಂತರೆ ನಾನೇ ಕರಗಿಹೋಗ್ತೀನಿ, ತಾಯಿ.”

ಬಿಸಿಲು ಹತ್ತಿರ ಬಂತು. ಸಣ್ಣಿ ಮಿಸ್ಸಿಸಿಪ್ಪಿ ನದಿಯನ್ನು ಕೂಗಿದಳು. “ಅಕ್ಕಾ, ನಮ್ಮನ್ನು ಉತ್ತರಕ್ಕೆ ಕರಕೊಂಡು ಹೋಗ್ತೀಯಾ?”

“ನಾನು ಹೋಗೋದೇ ದಕ್ಷಿಣಕ್ಕೆ ಕಣೇ, ಇನ್ನೂ ಸೆಕೆ ಇರೋ ಕಡೆಗೆ.”

ಬಿಸಿಲು ಇನ್ನೂ ಹತ್ತಿರ ಬಂತು. ಸಣ್ಣಿ ಗಾಳಿಯನ್ನು ಕೂಗಿದಳು.

“ನನ್ನ ಕೈತುಂಬ ಮಣ್ಣಿದೆ. ಪಶ್ಚಿಮದಲ್ಲಿ, ಮಿಸ್ಸೌರಿ ನದಿಯ ದಡದಲ್ಲಿ ಗುಡ್ಡ ಕಟ್ಟಬೇಕು,” ಎನ್ನುತ್ತಾ ಗಾಳಿ ಓಡಿಹೋಯಿತು.

ಕೊನೆಗೆ ಅವಳು ಬೆಟ್ಟವನ್ನು ಕೇಳಿದಳು. “ಅಜ್ಜಾ, ನಿನ್ನ ಹೊಟ್ಟೆಯಲ್ಲಿ ಸ್ವಲ್ಪ ಮಂಜುಗಡ್ಡೆ ಇಟ್ಟುಕೊಳ್ತೀಯಾ?”

ಬೆಟ್ಟ ನಡುಗಿತು. “ಮಂಜುಗಡ್ಡೆ ಕಲ್ಲನ್ನೇ ಸೀಳುತ್ತೆ, ಮಗಾ. ನನಗೆ ಭಯ.”

ಸಣ್ಣಿ ಮತ್ತೆ ಕೇಳಲಿಲ್ಲ. ಮೊಟ್ಟೆಗಳ ಪಕ್ಕ ನಿಂತು ತನ್ನ ನೆರಳನ್ನೇ ಅವುಗಳ ಮೇಲೆ ಹಾಸಿದಳು. ನೆರಳು ಸಾಲಲಿಲ್ಲ. ಈ ಕಡೆಯದನ್ನು ಮುಚ್ಚಿದರೆ ಆ ಕಡೆಯದು ಸುಡುತ್ತಿತ್ತು. ಅವಳು ಅತ್ತ ತೆವಳಿದಳು, ಇತ್ತ ತೆವಳಿದಳು.

ಬೆಟ್ಟಕ್ಕೆ ನೋಡಲಾಗಲಿಲ್ಲ. “ಹಿಮರಾಯಾ!” ಎಂದು ಕೂಗಿತು. “ಹೋಗೋ ಮೊದಲು ನನ್ನೊಳಗೆ ಒಂದು ತುಂಡು ಇಟ್ಟು ಹೋಗು!”

ಹಿಮರಾಯ ಇಟ್ಟ. ಚಟಾರ್! ಬೆಟ್ಟದ ಮೈ ಬಿರುಕುಬಿಟ್ಟಿತು. ಅದು ನೋವಿನಿಂದ ನರಳಿತು. ಬಿರುಕಿನಿಂದ ತಣ್ಣನೆ ಉಸಿರು ಹೊರಟು ಮೊಟ್ಟೆಗಳನ್ನು ತಾಗಿತು.

ಮೊಟ್ಟೆಗಳು ಅಲುಗಾಡಲಿಲ್ಲ. ತಡವಾಯಿತೇ? ಸಣ್ಣಿ ಕಾದಳು. ಬೆಟ್ಟವೂ ನೋವು ನುಂಗಿಕೊಂಡು ಕಾಯುತ್ತ ನಿಂತಿತು.

ಆಮೇಲೆ ಒಂದು ಮೊಟ್ಟೆ ಮೆಲ್ಲಗೆ ಒಡೆಯಿತು. ಒಳಗಿನಿಂದ ಎರಡು ಪುಟ್ಟ ಕೊಂಬುಗಳು ಇಣುಕಿದವು.

ಹಿಮರಾಯ ಹೋದ ನೆಲದಲ್ಲಿ ಆಳೆತ್ತರದ ಹುಲ್ಲು ಬಂತು, ಕಾಡೆಮ್ಮೆಗಳು ಬಂದವು, ಜನ ಬಂದರು, ನೇಗಿಲು ಬಂತು. ಈಗ ಅಲ್ಲೆಲ್ಲ ಮೆಕ್ಕೆಜೋಳದ ಹೊಲ. ಪ್ರತಿ ಬೇಸಿಗೆಗೂ ಬೆಟ್ಟಕ್ಕೆ ಒಂದೇ ಚಿಂತೆ: ಬುಡದಲ್ಲಿರುವ ಸಣ್ಣಿಯ ಮರಿಮಕ್ಕಳಿಗಾಗಿ ಹೊಟ್ಟೆಯ ಮಂಜುಗಡ್ಡೆ ಈ ಸಲ ಉಳಿದೀತೇ?

ಇದುವರೆಗೆ ಉಳಿದಿದೆ. ಅದಕ್ಕೇ ಇವತ್ತಿಗೂ, ಜೋಳದ ಗರಿ ಮುರುಟುವಂಥ ಬಿಸಿಲಲ್ಲಿ ಆ ಬೆಟ್ಟದ ಬಿರುಕಿಗೆ ಅಂಗೈ ಹಿಡಿದರೆ, ಒಳಗಿನಿಂದ ತಣ್ಣನೆ ಉಸಿರು ಬಂದು ತಾಗುತ್ತದೆ.