ಕದವಿಲ್ಲದಮ್ಮನ ಗುಡಿ

ತೊರಕೇರಿಯ ಕಡಲ ದಂಡೆಯಲ್ಲಿ, ಮರಳು ಮುಗಿದು ಕಲ್ಲು ಶುರುವಾಗುವಲ್ಲಿ, ಆಳೆತ್ತರದ ಒಂದು ಗುಡಿಯಿದೆ. ವರ್ಷವರ್ಷವೂ ಗೋಡೆಗೆ ಸುಣ್ಣ ಬಳಿಯುತ್ತಾರೆ, ಒಡೆದ ಹೆಂಚು ಬದಲಿಸುತ್ತಾರೆ. ಬಾಗಿಲನ್ನು ಮಾತ್ರ ಇಟ್ಟಿಲ್ಲ. ಪರವೂರಿನ ಸಾಹುಕಾರನೊಬ್ಬ ಹಲಸಿನ ಮರದ ಕದ ಮಾಡಿಸಿ ತಂದಾಗ ಕೇರಿಯವರು ಅದನ್ನು ಅವನ ಗಾಡಿಗೇ ಹೇರಿ ಕಳಿಸಿದರಂತೆ. ಆ ಗುಡಿಯ ತಾಯಿಯ ಹೆಸರೇ ಕದವಿಲ್ಲದಮ್ಮ.

ಹಿಂದೆ ಒಮ್ಮೆ, ಹಾಯಿದೋಣಿಗಳ ಕಾಲದಲ್ಲಿ, ಇಲ್ಲಿ ಬೀರಮ್ಮ ಎಂಬ ಹೆಂಗಸಿನ ಮನೆಯಿತ್ತು ಎನ್ನುತ್ತಾರೆ. ಅಪ್ಪನೊಡನೆ ಹಾಯಿ ಹೊಲಿಯುತ್ತ, ಕಡಲಿಗೂ ಹೋಗುತ್ತ ಬೆಳೆದವಳು. ತನ್ನವರೆಂದು ಉಳಿದಿದ್ದವನು ತಮ್ಮ ಮಂಕಾಳಿ ಒಬ್ಬನೇ. ಆಗ ಕೇರಿಗೊಂದು ಕಟ್ಟಳೆಯಿತ್ತು. ಕೆಲವು ಇರುಳು ಕಡಲ ನೀರು ಕಲಕಿದಲ್ಲೆಲ್ಲ ನೀಲಿಯಾಗಿ ಹೊತ್ತಿಕೊಳ್ಳುತ್ತದೆ. ಅಂದು ಕಡಲಮ್ಮ ಮೀಯುತ್ತಾಳೆ, ದೋಣಿ ಇಳಿಸಿದರೆ ಊರಿಗೇ ಕೇಡು ಎಂದು ಎಲ್ಲ ದೋಣಿಗಳ ಚುಕ್ಕಾಣಿ ಕಳಚಿ, ಬುಧವಂತನೆಂದು ಕರೆಸಿಕೊಳ್ಳುವ ಕೇರಿಯ ಯಜಮಾನನ ಮನೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.

ಒಂದು ಅಮಾವಾಸ್ಯೆಯ ದಿನ ಮಂಕಾಳಿ ಬೋಳುಕಲ್ಲೆಂಬ ಬಂಡೆಗೆ ಚಿಪ್ಪು ಆಯಲು ಹೋದ. ಸಂಜೆ ಹಗ್ಗ ಹರಿದು ಅವನ ದೋಣಿ ಬರಿದಾಗಿ ದಡಕ್ಕೆ ತೇಲಿ ಬಂತು. ಅಮಾವಾಸ್ಯೆಯ ಭರತಕ್ಕೆ ಆ ಬಂಡೆ ಪೂರ್ತಿ ಮುಳುಗುತ್ತದೆಂದು ಎಲ್ಲರಿಗೂ ಗೊತ್ತು. ಗಂಡಸರು ಹಾಯಿ ಬಿಚ್ಚುವಷ್ಟರಲ್ಲಿ ಕತ್ತಲಾಗಿ, ಅಲೆಗಳು ನೀಲಿಯಾಗಿ ಒಡೆಯತೊಡಗಿದವು. ಬುಧವಂತ ತುಳಸು ಆ ಬರಿದೋಣಿಯ ಚುಕ್ಕಾಣಿಯನ್ನೂ ಬಿಡದೆ ಕಳಚಿಸಿದ. ಇಂಥದ್ದರಲ್ಲಿ ಬಹಳ ಚುರುಕಿನ ಮನುಷ್ಯ!

"ಅಮ್ಮ ಮೀಯ್ತೆ ಇದ್ದಾಳೆ. ಇವತ್ತು ದೋಣಿ ಬಿಡೂಕಿಲ್ಲ," ಎಂದ.

"ನನ್ನ ತಮ್ಮನ್ನ ಮುಳುಗ್ಸಿ ಮೀಯೂಕೆ ಅವಳೇನು ರಾಕ್ಷಸಿಯಾ? ಹಾಂಗಿದ್ರೆ ಅವಳ್ನೇ ಕೇಳ್ಕಂಡು ಬತ್ತೆ," ಎಂದಳು ಬೀರಮ್ಮ.

ಮನೆಗೆ ಹೋಗಿ ಬಾಗಿಲ ಕದವನ್ನೇ ಕಿತ್ತು ಹೊತ್ತು ತಂದಳು. ಬಲೆಯ ಹಗ್ಗದಿಂದ ಅದನ್ನು ತಮ್ಮನ ದೋಣಿಯ ಹಿಂಬದಿಗೆ ಚುಕ್ಕಾಣಿಯಂತೆ ಬಿಗಿದು, ಒಬ್ಬಳೇ ಹಾಯಿ ಏರಿಸಿದಳು. ದಡದಲ್ಲಿದ್ದವರು ಬಾಯಿ ಬಿಟ್ಟು ನಿಂತರೇ ಹೊರತು ತಡೆಯಲಿಲ್ಲ. ದೋಣಿ ಸೀಳಿದ ನೀರು ಎರಡೂ ಮಗ್ಗುಲಲ್ಲಿ ಹೊತ್ತಿಕೊಂಡಿತು. ಕೈಗೆ ಎರಚಿದ ಹನಿಗಳು ಬೆಳಗಿ ಆರಿದವು, ಸುಡಲಿಲ್ಲ. ಅವಳಿಗೆ ಭಯವಾಗಿತ್ತು, ಆದರೆ ಭಯಕ್ಕಿಂತ ಸಿಟ್ಟು ದೊಡ್ಡದಾಗಿತ್ತು. ಮುಂದೆ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನೀರೊಳಗಿನ ಒಂದೊಂದು ಕಲ್ಲಿನ ಸುತ್ತಲೂ ಅಲೆ ಒಡೆದು ನೀಲಿ ಬಳೆ ಮೂಡುತ್ತಿತ್ತು. ಬೇರೆ ಅಮಾವಾಸ್ಯೆಗಳಲ್ಲಿ ದೋಣಿ ಒಡೆಯುತ್ತಿದ್ದ ಕಲ್ಲುಗಳನ್ನೆಲ್ಲ ಕಡಲೇ ಬೆಳಗಿ ತೋರಿಸುತ್ತಿತ್ತು. ಬಳೆಗಳ ನಡುವೆ ಕದ ತಿರುಗಿಸುತ್ತ ಅವಳು ಬೋಳುಕಲ್ಲು ಮುಟ್ಟಿದಾಗ ಮಂಕಾಳಿ ಎದೆಮಟ್ಟ ನೀರಲ್ಲಿ ನಿಂತಿದ್ದ.

ತಮ್ಮನನ್ನು ಹತ್ತಿಸಿಕೊಂಡು ಅದೇ ದಾರಿಯಲ್ಲಿ ಬಂದಳು. ಬೆಳಗಾಗುತ್ತಲೇ ತುಳಸು ಬಡಗಿಯನ್ನು ಕರೆತಂದ. "ಹೊಸಾ ಕದ ಮಾಡ್ಸಿ ಕೊಡ್ತೆ. ಆದದ್ದು ಇಲ್ಲಿಗೇ ಬಿಡು," ಎಂದ.

"ನಿನ್ನ ಮನೆ ಬೀಗ ಕಿತ್ತು ಎಸಿ ಮೊದ್ಲು. ಅಲ್ಲೀವರಿಗೆ ನಂಗೆ ಕದ ಬ್ಯಾಡ."

ತುಳಸು ಬೀಗ ಕೀಳಲಿಲ್ಲ, ಬೀರಮ್ಮ ಕದ ಇಡಲಿಲ್ಲ. ಮಳೆಗಾಲದ ಎರಚಲು ಒಲೆಯವರೆಗೆ ಬಂದರೂ ಸಾಯುವ ತನಕ ಹಾಗೇ ಬದುಕಿದಳು. ಆ ಬರಿ ಬಾಗಿಲನ್ನು ದಿನಾ ನೋಡುತ್ತ ನೋಡುತ್ತ ಒಬ್ಬೊಬ್ಬರೇ ಚುಕ್ಕಾಣಿ ಒಪ್ಪಿಸುವುದನ್ನು ಬಿಟ್ಟರು ಎನ್ನುತ್ತಾರೆ.

ಈಗಲೂ ನೀರು ಹೊತ್ತಿದ ಇರುಳು ತೊರಕೇರಿಯ ದೋಣಿಗಳು ಕಡಲಿಗಿಳಿಯುತ್ತವೆ. ಹೊಸ ಚುಕ್ಕಾಣಿಯನ್ನು ಮೊದಲು ಈ ಗುಡಿಯ ಹೊಸ್ತಿಲಿಗೆ ಮುಟ್ಟಿಸುವುದು ವಾಡಿಕೆ. ಬಗ್ಗಿ ನೋಡಿದವರಿಗೆ ಒಳಗೆ ಯಾವ ವಿಗ್ರಹವೂ ಕಾಣುವುದಿಲ್ಲ. ಉಪ್ಪುನೀರಿಗೆ ಬಿಳಿಚಿಕೊಂಡ ಒಂದು ಹಳೆಯ ಕದ, ಹಗ್ಗ ಉಜ್ಜಿದ ಗುರುತುಗಳೊಂದಿಗೆ, ಗೋಡೆಗೆ ಒರಗಿ ನಿಂತಿದೆ.