ಬಲಗೆನ್ನೆಯ ಮಚ್ಚೆ

ಅದೂ ಉಳಿದ ಬುಧವಾರಗಳಂಥದೇ ಒಂದು ಬುಧವಾರ. ಹನೀಫ್ ಮಾಸ್ತರರ ಸ್ಟುಡಿಯೋದಲ್ಲಿ ಶಿಷ್ಯ ಜಿನ್ನಪ್ಪ, ಪಾತ್ರೆ ಅಂಗಡಿಯ ಜಾಹೀರಾತಿಗೆಂದು ಹಿತ್ತಾಳೆ ತಂಬಿಗೆಯೊಂದರ ಫೋಟೋ ತೆಗೆಯುತ್ತಿದ್ದ. ಎರಡು ಕನ್ನಡಿಗಳನ್ನು ಓರೆಯಾಗಿ ನಿಲ್ಲಿಸಿದ್ದ. ನಡುವೆ ಇಟ್ಟ ತಂಬಿಗೆ ಏಳಾಗಿ ಕಾಣುತ್ತಿತ್ತು.

"ನೋಡಿ ಮಾಸ್ತರೇ, ಏಳು!"

ಮಾಸ್ತರರು ಕನ್ನಡಕ ಏರಿಸಿ ನೋಡಿದರು.

"ಬಾಯಾರಿ ಬಂದವರಿಗೆ ಯಾವುದರಲ್ಲಿ ನೀರು ಕೊಡ್ತೀಯಪ್ಪ?"

ಜಿನ್ನಪ್ಪ ನಕ್ಕ. ಮಾಸ್ತರರಿಗೆ ಕನ್ನಡಿಯೆಂದರೆ ಮುಖಕ್ಕೆ ಬೆಳಕು ಹಾಯಿಸುವ ಸಾಮಾನು, ಅಷ್ಟೇ. ಮುಖವನ್ನೇ ಕನ್ನಡಿಯೊಳಗಿಂದ ಹಿಡಿಯುವ ಚಳಕ ಅವನದು.

ಆಗ ಗೌರಕ್ಕ ಬಂದಳು. ಹಿಂದಿನ ಬುಧವಾರ ಅವಳ ಮಗಳು ಚಂಪಾ, ತಾನು ತೆರೆಯಲಿದ್ದ ಹೊಲಿಗೆ ಅಂಗಡಿಯಲ್ಲಿ ತೂಗುಹಾಕಲು ಫೋಟೋ ತೆಗೆಸಿಕೊಂಡು ಹೋಗಿದ್ದಳು.

"ಫೋಟೋ ಕೊಡಪ್ಪ."

"ಚಂಪಾನೇ ಬರ್ತೀನಿ ಅಂದಿದ್ದಳಲ್ಲ, ಅಕ್ಕ?"

"ಭಾನುವಾರ ಹೋಗಿಬಿಟ್ಟಳು. ನಾಲ್ಕೇ ದಿನದ ಜ್ವರ."

ಜಿನ್ನಪ್ಪ ಫೋಟೋ ತಂದುಕೊಟ್ಟ. ಕನ್ನಡಿಯೊಳಗಿಂದ ಅವನು ಈವರೆಗೆ ತೆಗೆದವುಗಳಲ್ಲೆಲ್ಲ ಅದೇ ಚೆಂದದ್ದು.

ಗೌರಕ್ಕ ಬಹಳ ಹೊತ್ತು ನೋಡಿದಳು.

"ಇವಳು ನನ್ನ ಮಗಳಲ್ಲ."

"ಅಕ್ಕ..."

"ಅವಳ ಹಾಗಿದ್ದಾಳೆ. ಅವಳಲ್ಲ. ನನ್ನ ಹತ್ತಿರ ಬೇರೆ ಫೋಟೋನೇ ಇಲ್ಲಪ್ಪ, ಇದೊಂದೇ ಅಂತ ಬಂದೆ. ಮಚ್ಚೆ..."

"ಎಡಗೆನ್ನೆಯಲ್ಲಿತ್ತು" ಎಂದರು ಮಾಸ್ತರರು, ಹಿಂದಿನಿಂದ.

ಅವರು ನೆಗೆಟಿವ್ ಇದ್ದ ಲಕೋಟೆ ತೆಗೆದರು. ಮುಖದಲ್ಲಿ ಕಂಡದ್ದನ್ನು ಒಂದು ಸಾಲು ಬರೆಯದೆ ಲಕೋಟೆ ಮುಚ್ಚಬಾರದೆಂಬುದು ಆ ಸ್ಟುಡಿಯೋದ ಪದ್ಧತಿ. ಈ ಲಕೋಟೆಯ ಮೇಲೆ ಜಿನ್ನಪ್ಪನ ದುಂಡಗಿನ ಅಕ್ಷರವಿತ್ತು: ಬಲಗೆನ್ನೆಯಲ್ಲಿ ಮಚ್ಚೆ.

ಮಾಸ್ತರರು ಕತ್ತಲೆಕೋಣೆಗೆ ಹೋದರು. ನೆಗೆಟಿವನ್ನು ಮಗುಚಿ ಹಾಕಿ ಹೊಸ ಪ್ರತಿ ತೆಗೆದು ತಂದರು.

ಇನ್ನೂ ಆರದ ಫೋಟೋದ ಮೇಲೆ, ಎಡಗೆನ್ನೆಯ ಹತ್ತಿರ ಗೌರಕ್ಕ ಬೆರಳು ತಂದಳು. ಮುಟ್ಟಲಿಲ್ಲ. "ಬಂದೆಯಾ" ಎಂದಳು. ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟುಹೋದಳು.

"ಕನ್ನಡಿ ಎಡ ಬಲ ಮಾಡಿತು ಮಾಸ್ತರೇ. ಅದು ಮರೆತುಹೋಯ್ತು ನನಗೆ."

"ಫೋಟೋದಲ್ಲಿ ಕನ್ನಡಿ ಮಾಡಿತು. ಲಕೋಟೆಯ ಮೇಲೆ ಯಾರು ಬರೆದರು?"

ಜಿನ್ನಪ್ಪ ಲಕೋಟೆ ತೆಗೆದುಕೊಂಡು ತನ್ನದೇ ಅಕ್ಷರ ಓದಿದ. ಮುಕ್ಕಾಲು ಗಂಟೆ ಆ ಹುಡುಗಿ ಅವನ ಕೈಯಳತೆಯಲ್ಲೇ ಕೂತಿದ್ದಳು. ಅವನು ಕನ್ನಡಿ ಬಿಟ್ಟು ಒಮ್ಮೆಯೂ ಅವಳತ್ತ ತಿರುಗಿರಲಿಲ್ಲ.

ಜಿನ್ನಪ್ಪ ಕೇಳಿದ: "ಅವತ್ತು ನೀವು ಹೊರಗೆ ಬಾಗಿಲಲ್ಲಿ ಕೂತಿದ್ದಿರಿ. ಎಡಗೆನ್ನೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಮಾಸ್ತರರು ಕನ್ನಡಿಗಳ ನಡುವಿನಿಂದ ತಂಬಿಗೆ ಎತ್ತಿಕೊಂಡರು.

"ನಿನ್ನ ಹತ್ತಿರ ಎರಡು ಸಲ ನೀರು ಕೇಳಿದಳು. ಆಮೇಲೆ ಹೊರಗೆ ಬಂದಳು. ನಾನು ಕೊಟ್ಟೆ."